ಬತ್ತೀನಿ ಅಂದವಳು

ತಿಪಟೂರು
೧೬ ಜನವರಿ ೨೦೨೫

ವಿಮಲಕ್ಕನಿಗೆ ಪುಷ್ಪಲತಾಳ ನಮಸ್ಕಾರ.

ಎಳ್ಳುಬೆಲ್ಲ ಕಳಿಸೋಣವೆಂದರೆ ಪೋಸ್ಟಿನಲ್ಲಿ ಇರುವೆ ಮುತ್ತುತ್ತದೆ. ಅದಕ್ಕೇ ಬರೀ ಒಳ್ಳೆಯ ಮಾತು ಕಳಿಸಬೇಕು ಅಂದುಕೊಂಡಿದ್ದೆ. ಆದರೆ ಹೊಟ್ಟೆಯಲ್ಲಿ ಇರುವುದು ಜಗಳ. ಮೊದಲು ಅದನ್ನೇ ಆಡಿ ಮುಗಿಸುತ್ತೇನೆ.

ನೀವು ಸಂಕ್ರಾಂತಿಯ ದಿನ ಕೆಂಚಕ್ಕನ ಹಟ್ಟಿಗೆ ಬಂದು ಹೋಗಿದ್ದೀರಿ. ಹುಳಿಯಾರಿನ ಆಚೆಯ ತನಕ ಬಂದವರಿಗೆ ತಿಪಟೂರಿಗೆ ಬಂದು ಒಂದು ಲೋಟ ಕಾಫಿ ಕುಡಿಯಲು ಪುರುಸೊತ್ತಿರಲಿಲ್ಲವೇ? ನವೆಂಬರಿನಲ್ಲಿ ಕೆಲಸ ಬಿಟ್ಟು ಹುಬ್ಬಳ್ಳಿಗೆ ತಮ್ಮನ ಮನೆಗೆ ಹೊರಟಾಗ ನಿಮ್ಮ ರೋಗಿಗಳನ್ನೆಲ್ಲ ನನ್ನ ಕೈಗೆ ಹಾಕಿ, "ಇನ್ನು ಇವರು ನಿನ್ನವರು" ಅಂದಿದ್ದು ನೀವೇ. ಆಸ್ಪತ್ರೆಯವರು "ಇನ್ನು ಮನೆಗೆ ಕರ್ಕೊಂಡು ಹೋಗಿ" ಅಂದುಬಿಟ್ಟ ಮೇಲೆ ಅವರಿಗೆ ಉಳಿಯುವುದು ನಮ್ಮ ವ್ಯಾನೊಂದೇ ಅಂತ ದಿನಾ ಪಾಠ ಹೇಳಿದವರೂ ನೀವೇ. ನನ್ನ ಕೈಕೆಲಸದ ಮೇಲೆ ಅಷ್ಟು ಅನುಮಾನವಿದ್ದರೆ ನೇರವಾಗಿ ಹೇಳಬಹುದಿತ್ತು.

ಮಂಗಳವಾರ ಹಬ್ಬವಾದ್ದರಿಂದ ವ್ಯಾನು ಹೊರಡಲಿಲ್ಲ. ನಾನೂ ಡ್ರೈವರ್ ಭೀಮರಾಜುವೂ ಬುಧವಾರ ಹೋದೆವು. ಕೆಂಚಕ್ಕನ ಎದೆಯ ಹುಣ್ಣಿಗೆ ಡ್ರೆಸಿಂಗ್ ಮಾಡೋಣವೆಂದು ಸೆರಗು ಸರಿಸಿದರೆ ಆಗಲೇ ಮಾಡಿ ಆಗಿದೆ! ಹಳೇ ಸೀರೆಯ ಪಟ್ಟಿ, ಗಂಟು ಎಡಗಡೆಯ ಭುಜದ ಮೇಲೆ, ತುದಿ ಒಳಕ್ಕೆ ಸೇರಿಸಿದ್ದು. ಮಗ್ಗುಲು ಬದಲಿಸಿದಾಗ ಒತ್ತಬಾರದು ಅಂತ ಹಾಗೆ ಕಟ್ಟುವವರು ನೀವೊಬ್ಬರೇ. ನಾನು ಎಷ್ಟು ಹೇಳಿಸಿಕೊಂಡರೂ ಬೆನ್ನಿಗೇ ಗಂಟು ಹಾಕುವವಳು.

"ನಿನ್ನೆ ಇಮಲವ್ವ ಬಂದಿದ್ಲು ಕಣವ್ವ" ಅಂದಳು ಕೆಂಚಕ್ಕ. "ಬತ್ತೀನಿ ಅಂದವ್ಳು ಬಂದೇ ಬುಟ್ಲು ನೋಡು." ಮುಖದಲ್ಲಿ ಎಂಥ ಖುಷಿ ಅಂತೀರಿ! ನನ್ನನ್ನು ಕಂಡು ಒಂದು ದಿನವೂ ಹಾಗೆ ನಕ್ಕಿಲ್ಲ. ಸೊಸೆ ವನಜಾ ದನ ತೊಳೆಯಲು ಕೆರೆಗೆ ಹೋಗಿದ್ದಳಂತೆ, ನಿಮ್ಮನ್ನು ನೋಡಲಿಲ್ಲವಂತೆ.

ಇನ್ನೊಂದು ದೂರು. ನಾನು ಫೋನ್ ಮಾಡಿದರೆ ಎತ್ತುತ್ತೀರಿ, ಮಾತಾಡುವುದಿಲ್ಲ. ಬುಸ್ ಬುಸ್ ಅಂತ ಉಸಿರು ಮಾತ್ರ ಕೇಳಿಸುತ್ತದೆ, ಆಮೇಲೆ ಕಟ್. ಅಷ್ಟು ಕೋಪ ಬರುವಂಥದ್ದು ನಾನೇನು ಮಾಡಿದೆ? ವಿಳಾಸ ಆಫೀಸಿನಲ್ಲಿ ಕೇಳಿ ಪಡೆದು ಬರೆಯುತ್ತಿದ್ದೇನೆ.

ನಿಮ್ಮ
ಪುಷ್ಪಾ


ಹುಬ್ಬಳ್ಳಿ
೨೪ ಜನವರಿ ೨೦೨೫

ಪುಷ್ಪಾ,

ಜಗಳ ತಲುಪಿತು. ಇರುವೆ ಮುತ್ತಿರಲಿಲ್ಲ.

ನಾನು ಬಂದಿಲ್ಲ. ಬರುವ ಹಾಗೂ ಇಲ್ಲ. ತಮ್ಮನ ಸೊಸೆಯ ಬಾಣಂತನ ನಡೆಯುತ್ತಿದೆ. ಬಾಣಂತಿಗೆ ನೀರು, ಮಗುವಿಗೆ ನೀರು, ಬಟ್ಟೆ ಒಣಗಿಸು, ಸಾಂಬ್ರಾಣಿ ಹಾಕು, ಇಷ್ಟರಲ್ಲೇ ದಿನ ಮುಗಿಯುತ್ತದೆ. ಹುಬ್ಬಳ್ಳಿ ಬಿಟ್ಟು ಅಲ್ಲಾಡಿದವಳಲ್ಲ.

ಮಾರ್ಫಿನ್ ನುಂಗುವ ಮುದುಕಿ ಏನೋ ಅಂದಳೆಂದು ನರ್ಸಮ್ಮ ಕಾಗದದಲ್ಲಿ ಜಗಳ ಕಾಯುತ್ತಾಳಲ್ಲ, ನಾನು ಕಲಿಸಿದ್ದು ಇದೇನಾ? ಇಲ್ಲದವರು ಕಾಣಿಸಿದರು ಅಂದರೆ ಮೊದಲು ಹೊಟ್ಟೆ ವಿಚಾರಿಸು, ಆಮೇಲೆ ದೆವ್ವ ವಿಚಾರಿಸು. ಜ್ವರ ಇದೆಯೇ, ಮೂತ್ರಕ್ಕೆ ಸರಿಯಾಗಿ ಹೋಗುತ್ತಿದ್ದಾಳೆಯೇ, ಮಲ ಕಟ್ಟಿದೆಯೇ, ನೀರು ಕುಡಿಯುತ್ತಾಳೆಯೇ ನೋಡು. ಡಾಕ್ಟರಿಗೆ ಹೇಳಿ ಮಾತ್ರೆಯ ಪ್ರಮಾಣ ಇನ್ನೊಮ್ಮೆ ಪರೀಕ್ಷೆ ಮಾಡಿಸು. ಗಂಟಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ವನಜಾ ಎಷ್ಟು ಮಂಗಳವಾರ ನನ್ನ ಪಕ್ಕ ನಿಂತು ನೋಡಿಲ್ಲ? ಅವಳೇ ಕಟ್ಟಿರುತ್ತಾಳೆ. ಅತ್ತೆಯ ಸಂತೋಷಕ್ಕೆ ಅದನ್ನು ಬಾಯಿ ಬಿಟ್ಟು ಹೇಳಿರಲಿಕ್ಕಿಲ್ಲ.

ಫೋನು ಬಕೆಟ್ ನೀರಿಗೆ ಬಿದ್ದು ಹಾಳಾಗಿದೆ. ಹೊಸದು ಬೇಕು ಅನ್ನಿಸಿಲ್ಲ. ವಾಟ್ಸಾಪಿನಲ್ಲಿ ಬರೆಯುತ್ತೇನೆ ಅನ್ನಬೇಡ, ಕಾಗದ ಬರೆ. ನಿನ್ನ ಅಕ್ಷರವಾದರೂ ಸುಧಾರಿಸಲಿ.

ಒಂದು ಮಾತು ಕೇಳಬೇಕು, ನಗಬೇಡ. ನಾನು ಬಂದಿದ್ದೆ ಅಂದಳಲ್ಲ ಕೆಂಚಕ್ಕ, ನಾನು ಏನಾದರೂ ಮಾತಾಡಿದೆ ಅಂದಳೇ?

ವಿಮಲ


ತಿಪಟೂರು
೬ ಫೆಬ್ರವರಿ ೨೦೨೫

ವಿಮಲಕ್ಕ,

ಬೈಸಿಕೊಂಡ ಮೇಲೆ ಸಮಾಧಾನವಾಯಿತು. ನೀವು ಬೈಯದಿದ್ದರೇ ಭಯ. ಪಾಪುವಿನ ಹೆಸರೇನು, ಗಂಡೋ ಹೆಣ್ಣೋ, ಒಂದನ್ನೂ ಬರೆದಿಲ್ಲ ನೋಡಿ.

ನೀವು ಹೇಳಿದ್ದನ್ನೆಲ್ಲ ನೋಡಿದೆ. ಜ್ವರವಿಲ್ಲ, ಹೊಟ್ಟೆ ಸರಿಯಿದೆ. ಊರು, ವಾರ, ಮಗ ನಾಗಭೂಷಣ ಯಾವ ತೋಟಕ್ಕೆ ಕಾಯಿ ಸುಲಿಯಲು ಹೋಗಿದ್ದಾನೆ, ಎಲ್ಲ ಸರಿಯಾಗಿ ಹೇಳುತ್ತಾಳೆ. ಭ್ರಮೆಯ ಲಕ್ಷಣ ಒಂದೂ ಇಲ್ಲ. ನೀವು ಬರುವುದು ಮಾತ್ರ ನಿಂತಿಲ್ಲ. ವಾರ ವಾರವೂ ಬರುತ್ತೀರಂತೆ.

ಈಗ ಭಯಪಡುವ ವಿಷಯ. ಕೆಂಚಕ್ಕ ಮಾತ್ರೆ ನುಂಗುತ್ತಿಲ್ಲ. ಕೆನ್ನೆಯೊಳಗೆ ಇಟ್ಟುಕೊಂಡು, ನಾವು ಅತ್ತ ಹೋದ ಮೇಲೆ ಉಗಿದು ಮಂಚದ ಹಗ್ಗದ ಸಂದಿಗೆ ತುರುಕುತ್ತಿದ್ದಾಳೆ. ವನಜಾ ಮಂಚ ಕೊಡವಿದಾಗ ಗೊತ್ತಾಯಿತು. ಹುಣ್ಣು ಬೆನ್ನಿನ ಕಡೆಗೂ ತಿರುಗಿದೆ, ಅಕ್ಕ. ಆ ನೋವನ್ನು ಬರಿಗೈಯಲ್ಲಿ ತಡೆದುಕೊಳ್ಳುತ್ತಿದ್ದಾಳೆ. ಹಲ್ಲು ಕಚ್ಚಿ ಕಚ್ಚಿ ದವಡೆ ಬಾತಿದೆ. ಯಾಕೆ ಹೀಗೆ ಅಂದರೆ, "ಮಾತ್ರೆ ನುಂಗಿದ್ರೆ ತೂಕಡಿಕೆ ಬತ್ತದೆ. ನಾನು ಮಲಿಕ್ಕಂಡಿರುವಾಗ ಅವ್ಳು ಬಂದು ಸುಮ್ನೆ ಹೋಗ್ಬುಟ್ರೆ? ಬತ್ತೀನಿ ಅಂದವ್ಳೆ ಕಣವ್ವ, ಎಚ್ಚರ ಇರ್ಬ್ಯಾಡ್ವಾ?" ಅನ್ನುತ್ತಾಳೆ.

ನೀವು ಕೇಳಿದ್ದಕ್ಕೆ ಉತ್ತರ. ಮಾತಾಡುವುದಿಲ್ಲವಂತೆ. ಬಂದು ಮಂಚದ ಪಕ್ಕ ಚಾಪೆಯ ಮೇಲೆ ಕೂರುತ್ತೀರಂತೆ, ತಲೆ ಸವರುತ್ತೀರಂತೆ. ಕುತ್ತಿಗೆಗೆ ಒಂದು ಬಿಳೀ ಬಟ್ಟೆ ಕಟ್ಟಿಕೊಂಡಿರುತ್ತೀರಂತೆ. ಕೆಮ್ಮಿದರೆ ಕೈಯಿಂದ ಆ ಬಟ್ಟೆ ಒತ್ತಿ ಹಿಡಿಯುತ್ತೀರಂತೆ. ಹುಬ್ಬಳ್ಳಿಯಲ್ಲಿ ಅಷ್ಟು ಚಳಿಯೇ? ನಾನು ನಕ್ಕುಬಿಟ್ಟೆ. ಕೆಂಚಕ್ಕ ನಗಲಿಲ್ಲ.

ವನಜಾ ಇನ್ನೊಂದು ಹೇಳಿದಳು. ಮಂಗಳವಾರ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ಮಂಕರಿಯಡಿ ಮುಚ್ಚಿಟ್ಟ ಕುರಿಮರಿಗಳು ಒಂದೇ ಸಲ ಅರಚುವುದನ್ನು ನಿಲ್ಲಿಸುತ್ತವಂತೆ. ಬೇರೆ ದಿನ ಹಾಗಾಗುವುದಿಲ್ಲವಂತೆ. "ಯಾರೋ ಅಂಗಳಕ್ಕೆ ಬಂದಂಗೆ ಆಯ್ತದೆ ಕಣಕ್ಕ, ನೋಡಿದ್ರೆ ಯಾರೂ ಇರಲ್ಲ" ಅಂದಳು. ಗಂಟು ತಾನು ಕಟ್ಟಿದ್ದಲ್ಲ ಅಂತ ತನ್ನ ಮಗುವಿನ ತಲೆ ಮುಟ್ಟಿ ಹೇಳಿದಳು.

ಏನು ಮಾಡಲಿ ಹೇಳಿ.

ಪುಷ್ಪಾ


ತಿಪಟೂರು
೨೦ ಫೆಬ್ರವರಿ ೨೦೨೫

ಅಕ್ಕ,

ಉತ್ತರವಿಲ್ಲ. ಕಾಗದ ಸಿಕ್ಕಿತೋ ಇಲ್ಲವೋ. ನಕ್ಕೆ ಅಂತ ಬರೆದಿದ್ದಕ್ಕೆ ಕೋಪವೇ?

ಈ ಮಂಗಳವಾರ ನಾನು ಡ್ರೆಸಿಂಗ್ ಬಿಚ್ಚುವಾಗ ಕೆಂಚಕ್ಕ ತನ್ನ ಕೈಯನ್ನೇ ಕಚ್ಚಿಕೊಂಡಳು. ರಕ್ತ ಬಂತು. ಮಾತ್ರೆ ಮಾತ್ರ ಬೇಡ. ನಾಗಭೂಷಣ ಗಂಡಸು, ಅಂಗಳಕ್ಕೆ ಹೋಗಿ ತೆಂಗಿನ ಮರ ಹಿಡಿದುಕೊಂಡು ಅತ್ತ. ಒಂದೇ ಒಂದು ಸಲ ಬನ್ನಿ. ತಿಪಟೂರು ಸ್ಟೇಷನ್ನಿಗೆ ಭೀಮರಾಜು ವ್ಯಾನು ತರುತ್ತಾನೆ. ನೀವು ಬಂದು "ಮಾತ್ರೆ ನುಂಗು ಕೆಂಚಕ್ಕ" ಅಂದರೆ ನುಂಗುತ್ತಾಳೆ. ಬೇರೆ ಯಾರ ಮಾತೂ ಅವಳ ಕಿವಿಗೆ ಹೋಗುವುದಿಲ್ಲ.

ಪುಷ್ಪಾ


ಹುಬ್ಬಳ್ಳಿ
೧ ಮಾರ್ಚ್ ೨೦೨೫

ಪುಷ್ಪಾ,

ಎರಡು ಕಾಗದವೂ ಸಿಕ್ಕವು. ಮೊದಲನೆಯದನ್ನು ಓದಿ ಮಡಚಿಟ್ಟೆ. ಮತ್ತೆ ತೆಗೆಯಲು ಧೈರ್ಯವಾಗಲಿಲ್ಲ.

ಇಲ್ಲಿ ಬಾಣಂತಿಯಿಲ್ಲ. ಪಾಪುವಿಲ್ಲ. ತಮ್ಮನಿಗೆ ಇನ್ನೂ ಸೊಸೆಯೇ ಬಂದಿಲ್ಲ. ನನ್ನ ಗಂಟಲಿಗೆ ಕ್ಯಾನ್ಸರ್. ಡಿಸೆಂಬರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಮಾಡಿರುವ ರಂಧ್ರದಿಂದ ಉಸಿರಾಡುತ್ತೇನೆ. ನೀನು ಫೋನಿನಲ್ಲಿ ಕೇಳಿದ್ದು ಆ ಉಸಿರು. ಹಲೋ ಹಲೋ ಅಂತ ನೀನು ಕರೆಯುವುದನ್ನು ಕೇಳಿಸಿಕೊಂಡು ಸುಮ್ಮನಿರಲಾರದೆ ಫೋನನ್ನು ತಮ್ಮನ ಹೆಂಡತಿಗೆ ಕೊಟ್ಟುಬಿಟ್ಟೆ.

ರಂಧ್ರಕ್ಕೆ ಧೂಳು ಹೋಗದಂತೆ ಬಿಳೀ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಕೆಮ್ಮು ಬಂದರೆ ಕೈಯಿಂದ ಒತ್ತಿ ಹಿಡಿಯಬೇಕು.

ಇದು ಅಲ್ಲಿ ಯಾರಿಗೂ ಗೊತ್ತಿಲ್ಲ. ಆಫೀಸಿಗೂ ಗೊತ್ತಿಲ್ಲ. ಕೆಂಚಕ್ಕನಿಗೆ ಒಂದಿಷ್ಟು ಮಾತ್ರ ಗೊತ್ತಿತ್ತು. ನನ್ನ ಧ್ವನಿ ಒಡೆದಿರುವುದನ್ನು ಡಾಕ್ಟರಿಗಿಂತ ಮುಂಚೆ ಹಿಡಿದವಳೇ ಅವಳು. "ಗಂಟ್ಲು ಯಾಕವ್ವ ಹಂಗೈತೆ? ನಮ್ಮನ್ನ ನೋಡಿದ್ದು ಸಾಕು, ಹೋಗಿ ತೋರಿಸ್ಕಂಡ್ ಬಾ" ಅಂದಳು. ಬೇರೆ ಮನೆಗಳಲ್ಲೆಲ್ಲ "ಇನ್ನು ಪುಷ್ಪಾ ಬರುತ್ತಾಳೆ" ಎಂದು ಹೇಳಿ ಹೊರಟೆ. ಅವಳ ಬಾಗಿಲಲ್ಲಿ ಹಾಗೆ ಹೇಳಲಾಗಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು. "ಬತ್ತೀನಿ ಕೆಂಚಕ್ಕ" ಅಂದೆ. ಮನೆ ಬಾಗಿಲಲ್ಲಿ ನಿಂತವರು ಇನ್ನೇನು ಅನ್ನುತ್ತಾರೆ? ನೀನಾದರೂ ಇನ್ನೇನು ಅನ್ನುತ್ತಿದ್ದೆ?

ಈಗ ಬರೆಯುವುದನ್ನು ಯಾರಿಗೂ ತೋರಿಸಬೇಡ. ಮಲಗಿ ಮಲಗಿ ಬೇಸರವಾಗಿ, ಮನಸ್ಸಿನಲ್ಲೇ ನಮ್ಮ ವ್ಯಾನು ಹತ್ತುತ್ತೇನೆ. ಸೋಮವಾರ ಹೊನ್ನವಳ್ಳಿ, ಬುಧವಾರ ಮಾಯಸಂದ್ರ. ಮಂಗಳವಾರ ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರು, ಅಲ್ಲಿಂದ ಹಟ್ಟಿ. ಚಪ್ಪಲಿ ಬಿಡುತ್ತೇನೆ, ತಲೆ ಬಗ್ಗಿಸಿ ಒಳಗೆ ಹೋಗುತ್ತೇನೆ, ಚಾಪೆಯ ಮೇಲೆ ಕೂರುತ್ತೇನೆ. ಸಂಕ್ರಾಂತಿಯ ಮಧ್ಯಾಹ್ನ ಹಾಗೆ ಮಲಗಿದ್ದಾಗ ನನ್ನ ಬೆರಳುಗಳು ಗಾಳಿಯಲ್ಲಿ ಗಂಟು ಹಾಕುತ್ತಿದ್ದವಂತೆ. ತಮ್ಮನ ಹೆಂಡತಿ ನೋಡಿ ಹೆದರಿ ಕೈ ಹಿಡಿದುಕೊಂಡಳು.

ನನಗೆ ಭಯವಾಗುತ್ತಿದೆ ಪುಷ್ಪಾ. ರೋಗಕ್ಕೆ ಹೀಗೆ ಹೆದರಿರಲಿಲ್ಲ.

ವಿಮಲ


ತಿಪಟೂರು
೭ ಮಾರ್ಚ್ ೨೦೨೫

ಅಕ್ಕ,

ನಾನು ಎಂಥ ಕತ್ತೆ. ಉಸಿರಿನ ಸದ್ದು ಅಂತ ದೂರು ಬರೆದೆನಲ್ಲ. ಕಾಗದ ಓದಿ ಆಫೀಸಿನ ಹಿಂದಿನ ತೆಂಗಿನ ಬುಡದಲ್ಲಿ ಕೂತು ಅತ್ತೆ. ಭೀಮರಾಜು ಏನಾಯ್ತು ಅಂತ ಕೇಳಿದ. ಕಣ್ಣಿಗೆ ಕಸ ಬಿತ್ತು ಅಂದೆ. ಏಳು ವರ್ಷ ಎಷ್ಟು ಜನರ ಮಂಚದ ಪಕ್ಕ ಕೂತವರು ನೀವು, ನಿಮ್ಮ ಮಂಚದ ಪಕ್ಕ ಕೂರಲು ನನ್ನನ್ನು ಕರೆಯಲಿಲ್ಲವಲ್ಲ. ಇದಕ್ಕೆ ನಿಜವಾಗಿ ಕೋಪ ಬಂದಿದೆ. ಜಗಳವನ್ನು ಮುಖ ನೋಡಿಯೇ ಆಡುತ್ತೇನೆ.

ಬಟ್ಟೆಯ ವಿಷಯ ಯೋಚಿಸಿ ಯೋಚಿಸಿ ಬಿಟ್ಟೆ. ಧ್ವನಿ ಒಡೆದಿದ್ದು ಗೊತ್ತಿದ್ದವಳು ಬಟ್ಟೆಯನ್ನು ಊಹೆ ಮಾಡಿರಬಹುದು ಅಂತ ಹಗಲು ಅಂದುಕೊಳ್ಳುತ್ತೇನೆ. ಆದರೆ ಆ ಹಟ್ಟಿಗೆ ಹೋದರೆ ಹಗಲಿನಲ್ಲೇ ಹಾಗೆ ಅನ್ನಿಸುವುದಿಲ್ಲ. ಹೋದ ಮಂಗಳವಾರ ನಾನು ಅಂಗಳದಲ್ಲೇ ಇದ್ದೆ. ಕುರಿಮರಿಗಳು ಸುಮ್ಮನಾದವು. ತೆಂಗಿನ ಗರಿ ಕೂಡ ಅಲ್ಲಾಡುತ್ತಿರಲಿಲ್ಲ. ಒಳಗಿನಿಂದ ಕೆಂಚಕ್ಕ ಯಾರಿಗೋ "ಬಂದ್ಯಾ, ಕುಂತ್ಕ" ಅಂದಳು. ನಾನು ಒಳಗೆ ಹೋಗದೆ ವ್ಯಾನಿನ ಕಡೆಗೆ ನಡೆದೆ.

ನೀವು ಬರಲಾರಿರಿ, ಗೊತ್ತಾಯಿತು. ಆದರೆ ಅವಳ ನೋವು ನೋಡಲಾಗದು. ಹೋಗಬೇಕಾದ ಜೀವ ಒಂದು ಮಾತಿಗೆ ಗಂಟು ಬಿದ್ದು ಕೂತಿದೆ. ಡಾಕ್ಟರು ನೋವಿನ ಔಷಧಿಯ ಪಟ್ಟಿಯನ್ನು ಮೈಗೆ ಅಂಟಿಸಿ ನೋಡೋಣ ಅಂದರು. ಕಿತ್ತೆಸೆದಳು. ಸೂಜಿ ಅಂದರೆ ಕೈ ಕೊಡುವುದಿಲ್ಲ. ಎಚ್ಚರವಿರುವ ಮುದುಕಿಗೆ ಬೇಡ ಅಂದಿದ್ದನ್ನು ಬಲವಂತವಾಗಿ ಕೊಡಬಾರದು ಅಂತ ಕಲಿಸಿದವರು ನೀವೇ.

ನೀವೇ ಬರೆದುಕೊಡಿ. ಇನ್ನು ಕಾಯಬೇಡ ಅಂತ ನಿಮ್ಮ ಮಾತಿನಲ್ಲೇ ಬರೆಯಿರಿ. ನಾನು ಓದಿ ಹೇಳುತ್ತೇನೆ.

ಪುಷ್ಪಾ


ಹುಬ್ಬಳ್ಳಿ
೧೩ ಮಾರ್ಚ್ ೨೦೨೫

ಪುಷ್ಪಾ,

ಕೆಳಗಿನದು ಕೆಂಚಕ್ಕನಿಗೆ. ಅವಳ ಕೈ ಹಿಡಿದುಕೊಂಡು, ಬರೆದಿರುವುದನ್ನು ಬರೆದ ಹಾಗೇ ಓದು. ನಿನ್ನ ಬೆಲ್ಲ ಬೆರೆಸಬೇಡ.

"ಕೆಂಚಕ್ಕ, ನಾನು ಇಮಲ. ನೀನು ಹೇಳ್ದಂಗೆ ಗಂಟ್ಲು ತೋರಿಸ್ಕಂಡೆ. ನೀನು ಹೇಳದೆ ಇದ್ದಿದ್ರೆ ಇಷ್ಟೊತ್ತಿಗೆ ಇರ್ತಿರಲಿಲ್ಲ. ಮಾತು ಹೋಯ್ತು, ಜೀವ ಐತೆ. ನೀನು ನನ್ನ ದಾರಿ ಕಾಯಬ್ಯಾಡ. ನೋವು ತಡ್ಕಂಡು ಎಚ್ಚರ ಇರಬ್ಯಾಡ. ಪುಷ್ಪಾ ಕೊಡೋ ಮಾತ್ರೆ ನುಂಗಿ ಚೆನ್ನಾಗಿ ಮಲಿಕ್ಕ. ನಿನ್ನ ಕೈ ಹಿಡ್ಕಂಡು ಹೇಳ್ತಿದೀನಿ. ನಾನು ಹೋಗ್ತೀನಿ ಕೆಂಚಕ್ಕ."

ಕೊನೆಯ ಮಾತು ಬರೆಯಲು ಇಡೀ ಬೆಳಿಗ್ಗೆ ಹಿಡಿಯಿತು. ಪೆನ್ನು ತಾನಾಗಿ "ಬತ್ತೀನಿ" ಕಡೆಗೇ ಓಡುತ್ತದೆ. ಹಾಳೆ ಹರಿದು ಮತ್ತೆ ಬರೆದೆ. ಹುಟ್ಟಿದಾಗಿನಿಂದ ಯಾರ ಮನೆಯಿಂದಲೂ ಹೋಗ್ತೀನಿ ಅಂದು ಹೊರಟವಳಲ್ಲ. ಬರೆದ ಮೇಲೆ ನನ್ನನ್ನೇ ಯಾವುದೋ ಬಸ್ಸಿಗೆ ಹತ್ತಿಸಿ ಕಳಿಸಿದ ಹಾಗಾಯಿತು. ಇರಲಿ. ಅವಳ ನೋವಿಗಿಂತ ಇದು ದೊಡ್ಡದಲ್ಲ.

ವಿಮಲ


ತಿಪಟೂರು
೧೯ ಮಾರ್ಚ್ ೨೦೨೫

ಅಕ್ಕ,

ಕೆಲಸ ಕೆಡಿಸಿದೆ. ಬೈಯಿರಿ.

ನಿನ್ನೆ ಕೆಂಚಕ್ಕನ ಕೈ ಹಿಡಿದುಕೊಂಡು ಓದಿದೆ. ವನಜಾ ಪಕ್ಕದಲ್ಲಿದ್ದಳು. ಕೆಂಚಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮಾತು ಹೋಯ್ತು ಅಂದಾಗ "ಅಯ್ಯೋ ನನ್ ತಾಯಿ" ಅಂದಳು. ಕೊನೆಯ ಸಾಲಿಗೆ ಬಂದೆ. ನಿಮ್ಮ ಅಕ್ಷರದಲ್ಲಿ ದಪ್ಪಗೆ "ಹೋಗ್ತೀನಿ" ಅಂತ ಇದೆ. ಕಣ್ಣು ಅದನ್ನೇ ಓದಿತು. ಬಾಯಿ "ಹೋಗಿ ಬತ್ತೀನಿ ಕೆಂಚಕ್ಕ" ಅಂದುಬಿಟ್ಟಿತು.

ಬೇಕೆಂದು ಮಾಡಿದ್ದಲ್ಲ, ದೇವರಾಣೆ. ಚಿಕ್ಕವಳಿದ್ದಾಗ ಸ್ಕೂಲಿಗೆ ಹೊರಡುತ್ತಾ ಹೋಗ್ತೀನಿ ಅಂದರೆ ನಮ್ಮಜ್ಜಿ ಬಾಯಿಗೆ ಒಂದು ಕೊಟ್ಟು, ಒಳಗೆ ಕರೆದು ನೀರು ಕುಡಿಸಿ, ಹೋಗಿ ಬತ್ತೀನಿ ಅನ್ನಿಸಿಯೇ ಕಳಿಸುತ್ತಿದ್ದಳು. ಆ ಪೆಟ್ಟು ನಾಲಿಗೆಯಲ್ಲೇ ಉಳಿದಿದೆ.

ಕೆಂಚಕ್ಕನ ಮುಖ ನೀವು ನೋಡಬೇಕಿತ್ತು. "ದಾರಿ ಕಾಯಬ್ಯಾಡ ಅಂತ ಸುಮ್ಕೆ ಅಂತಾಳೆ. ಕೊನೇಗೆ ಬತ್ತೀನಿ ಅಂದ್ಲಲ್ಲ, ಸಾಕು ಬುಡು" ಅಂದು ಕೊಟ್ಟ ಮಾತ್ರೆಯನ್ನು ನನ್ನ ಎದುರಿಗೇ ಉಗಿದಳು.

ತಿದ್ದಿಕೊಂಡು ಮತ್ತೆ ಓದೋಣವೆಂದು ಬಾಯಿ ತೆರೆದೆ. ಕಾಗದದ ಮೇಲೆ ಕಣ್ಣಿಟ್ಟಿದ್ದ ವನಜಾ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಹೊರಗೆ ಕರೆದುಕೊಂಡು ಬಂದು, "ಬ್ಯಾಡ ಕಣಕ್ಕ. ಬದುಕಿರೋರ ಹೆಸರಲ್ಲಿ ಆ ಮಾತಾ? ನಮ್ಮತ್ತೆಗೆ ಬುಡುಗಡೆ ಆಗ್ಲಿ ಅಂತ ಆ ಅಮ್ಮನ್ನ ಕಳಸ್ಬುಡದಾ?" ಅಂದಳು. ಅತ್ತೆಯ ನರಳಾಟ ಹಗಲೂ ಇರುಳೂ ಕೇಳುವವಳೇ ಹಾಗಂದ ಮೇಲೆ ಕಾಗದ ಮಡಚಿ ಚೀಲಕ್ಕೆ ಹಾಕಿದೆ.

ನಿಜ ಹೇಳುತ್ತೇನೆ. ಎರಡನೇ ಸಲ ಓದಲು ನನಗೂ ಮನಸ್ಸಿರಲಿಲ್ಲ. ಅವಳ ನೋವು ಬೇಡ. ನೀವು ಹೋಗುವುದೂ ಬೇಡ. ಎರಡನ್ನೂ ಹೊಂದಿಸುವ ಮಾತು ನನಗೆ ಗೊತ್ತಿಲ್ಲ.

ಪುಷ್ಪಾ


ಹುಬ್ಬಳ್ಳಿ
೨೬ ಮಾರ್ಚ್ ೨೦೨೫

ಪುಷ್ಪಾ,

ಬೈಯುವುದಿಲ್ಲ. ಓದಿ ನಗು ಬಂತು. ನನಗೆ ಈಗ ನಕ್ಕರೆ ಸದ್ದಾಗುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ವನಜಾ ಒಳ್ಳೆಯ ಹುಡುಗಿ. ಅವಳಿಗೆ ಹಾಗಂತ ಹೇಳು.

ಹೊಂದಿಸುವ ಮಾತಿಲ್ಲ ಅಂದೆಯಲ್ಲ, ಅಲ್ಲೇ ನನಗೆ ಹೊಳೆಯಿತು. ಮಾತೇ ಬೇಡ. ಸಾವಾದ ಮನೆಯಿಂದ ನಾವು ಹೇಗೆ ಬರುತ್ತೇವೆ? ಹೋಗ್ತೀನಿ ಅನ್ನುವುದಿಲ್ಲ, ಬತ್ತೀನಿ ಅನ್ನುವುದಿಲ್ಲ. ಎದ್ದು, ಮನೆಯವರ ಮುಖ ನೋಡದೆ, ಸುಮ್ಮನೆ ನಡೆದು ಬರುತ್ತೇವೆ. ಕೆಂಚಕ್ಕ ಎಷ್ಟು ಸಾವು ನೋಡಿದವಳು. ಅವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗಂತೂ ಹೇಗಿದ್ದರೂ ಬಾಯಿಲ್ಲ.

ಇಷ್ಟು ದಿನ ನಾನು ಆ ಮನೆಯಿಂದ ಎದ್ದು ಬಂದೇ ಇರಲಿಲ್ಲ, ಗೊತ್ತಾ? ಚಾಪೆಯ ಮೇಲೆ ಕೂತು ತಲೆ ಸವರುವಷ್ಟರಲ್ಲಿ ಯಾರೋ ನನ್ನನ್ನು ಮಾತ್ರೆಗೋ ಗಂಜಿಗೋ ಎಬ್ಬಿಸುತ್ತಿದ್ದರು.

ಬರುವ ಮಂಗಳವಾರ, ಏಪ್ರಿಲ್ ಒಂದನೇ ತಾರೀಕು, ಮಧ್ಯಾಹ್ನ ನನ್ನನ್ನು ಯಾರೂ ಎಬ್ಬಿಸಬಾರದು ಅಂತ ಬರೆದು ಬಾಗಿಲಿಗೆ ಅಂಟಿಸುತ್ತೇನೆ. ನೀನು ಆ ಹೊತ್ತಿನಲ್ಲಿ ಒಳಗಿರಬೇಡ, ಅಂಗಳದಲ್ಲಿರು. ಇದೆಲ್ಲ ಹುಚ್ಚು ಅಂತ ನನಗೆ ಗೊತ್ತಿದೆ. ರೋಗಿಗಳ ಮನೆಯಲ್ಲಿ ದೆವ್ವ ಬಿಡಿಸುವವರನ್ನು ಬೈದು ಓಡಿಸಿದವಳು ನಾನು. ಆದರೂ ಹೋಗಿ ನೋಡುತ್ತೇನೆ.

ವಿಮಲ


ತಿಪಟೂರು
೪ ಏಪ್ರಿಲ್ ೨೦೨೫

ಅಕ್ಕ,

ನಿಮ್ಮ ಇಪ್ಪತ್ತಾರನೇ ತಾರೀಕಿನ ಕಾಗದ ಇವತ್ತು ಬಂತು. ಭಾನುವಾರ, ಯುಗಾದಿ, ರಂಜಾನ್, ಎಲ್ಲ ರಜೆ ಸೇರಿ ಪೋಸ್ಟು ತಡವಾಗಿದೆ. ಮೊದಲು ನಡೆದಿದ್ದನ್ನು ಬರೆಯುತ್ತೇನೆ. ನೆನಪಿಡಿ, ಮಂಗಳವಾರ ನನಗೆ ಈ ಕಾಗದದ ವಿಷಯ ಗೊತ್ತಿರಲಿಲ್ಲ.

ಮಂಗಳವಾರ ಹೋದಾಗ ಕೆಂಚಕ್ಕ ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿದ್ದಳು. ಕೂಗುವ ಶಕ್ತಿಯೂ ಇರಲಿಲ್ಲ. ಬಟ್ಟೆ ಬದಲಿಸಿ, ಕೈ ತೊಳೆಯಲು ಹೊರಗೆ ಬಂದೆ. ವನಜಾ ಅಂಗಳದಲ್ಲಿ ಕೊಬ್ಬರಿ ಹರವುತ್ತಿದ್ದಳು. ಕುರಿಮರಿಗಳು ಸುಮ್ಮನಾದವು. ವನಜಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಬಿಸಿಲಿಗೆ ಕೊಬ್ಬರಿಯ ಎಣ್ಣೆ ವಾಸನೆ ಏಳುತ್ತಿತ್ತು. ಆಮೇಲೆ ಮರಿಗಳು ಮತ್ತೆ ಅರಚಿದವು. ಕೆಂಚಕ್ಕ ಒಳಗಿನಿಂದ ಕರೆದಳು.

ಹೋದೆವು. ಅಂಗಾತ ಮಲಗಿ ಕಾಲು ಚಾಚಿದ್ದಳು.

"ಈಗ ಎದ್ದೋದ್ಲು" ಅಂದಳು.

"ಬತ್ತೀನಿ ಅಂದ್ಲಾ ಅತ್ತೆ?" ವನಜಾ ಕೇಳಿದಳು.

"ಇಲ್ಲ ಕಣೇ. ತಲೆ ಸವರಿದ್ಲು. ಎದ್ದು ಸೀರೆ ಕೊಡವ್ಕಂಡ್ಲು. ನನ್ನ ಮಕ ನೋಡ್ಲಿಲ್ಲ, ಬಾಯಿ ಬುಡ್ಲಿಲ್ಲ, ಹಂಗೇ ಹೋದ್ಲು. ಸತ್ತೋರ ಮನೆಯಿಂದ ಹೋಗ್ತಾರಲ್ಲ, ಹಂಗೆ." ಸೊಸೆಯ ಕಡೆ ಮುಖ ತಿರುಗಿಸಿದಳು. "ಅಂದ್ರೆ ನಂದು ಆದಂಗೆ ಅಲ್ವೇನೇ ವನಜಾ?"

ವನಜಾ ಸೆರಗು ಬಾಯಿಗೆ ಒತ್ತಿಕೊಂಡಳು. ಕೆಂಚಕ್ಕ ನನ್ನ ಕಡೆ ಕೈ ಚಾಚಿ, "ಕೊಡವ್ವ, ಎಲ್ಲಿ ನಿನ್ ಮಾತ್ರೆ? ಇನ್ನು ಯಾರ್ನೂ ಕಾಯಂಗಿಲ್ಲ" ಅಂದಳು. ನುಂಗಿದಳು, ಅಕ್ಕ. ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದಳು, ಮಕ್ಕಳು ತೋರಿಸುವ ಹಾಗೆ. ಸಂಜೆಯ ಹೊತ್ತಿಗೆ ಹುಬ್ಬಿನ ಗಂಟು ಬಿಚ್ಚಿಕೊಂಡಿತ್ತು. ನಾನು ಅಲ್ಲೇ ಉಳಿದೆ. ಬುಧವಾರ ಮಧ್ಯಾಹ್ನ, ಮಗ ಬಾಯಿಗೆ ನೀರು ಬಿಡುವಾಗ, ನಿದ್ದೆಯಲ್ಲೇ ಹೋದಳು. ಒಂದು ನರಳಾಟವಿಲ್ಲ.

ಮಣ್ಣು ಮುಗಿದ ಮೇಲೆ ನಾನೂ ಏನೂ ಹೇಳದೆ ಎದ್ದು ಬಂದೆ.

ಇವತ್ತು ಭೀಮರಾಜು ನಿಮ್ಮ ಕಾಗದ ತಂದುಕೊಟ್ಟ. ವ್ಯಾನಿನ ಮೆಟ್ಟಿಲ ಮೇಲೆ ಕೂತು ಓದಿದೆ. ತಾರೀಕು ನೋಡಿದೆ, ಮತ್ತೆ ನೋಡಿದೆ. ಮೈ ಚಳಿ ಹಿಡಿದು ಭೀಮರಾಜುವಿನ ಟವೆಲ್ ಹೊದ್ದುಕೊಂಡು ಕೂತೆ.

ನನಗೆ ಈಗ ಒಂದೇ ಭಯ. ನೀವು ಅಲ್ಲಿಂದ ಎದ್ದು ವಾಪಸು ಬಂದಿರಿ ತಾನೇ? ಒಂದು ಗೆರೆಯಾದರೂ ಬರೆಯಿರಿ. ರಜೆ ಹಾಕಿದ್ದೇನೆ, ರೈಲು ಹತ್ತಿ ಬರುತ್ತೇನೆ. ಯಾವತ್ತು ಬರಲಿ ಹೇಳಿ.

ಪುಷ್ಪಾ


ಹುಬ್ಬಳ್ಳಿ
೧೨ ಏಪ್ರಿಲ್ ೨೦೨೫

ನನ್ನ ಪುಷ್ಪಾ,

ಬಂದಿದ್ದೇನೆ, ಇದ್ದೇನೆ. ಟವೆಲ್ ಅವನಿಗೆ ಒಗೆದು ಕೊಡು.

ಕೆಂಚಕ್ಕ ನಿದ್ದೆಯಲ್ಲಿ ಹೋದಳು ಅನ್ನುವ ಸಾಲನ್ನು ಮತ್ತೆ ಮತ್ತೆ ಓದಿ ಅತ್ತೆ. ಸಂತೋಷಕ್ಕೂ ಅತ್ತೆ, ಅವಳಿಲ್ಲ ಅನ್ನುವುದಕ್ಕೂ ಅತ್ತೆ. ಅವಳ ಮನೆಯವರನ್ನು ಇಷ್ಟಕ್ಕೇ ಬಿಡಬೇಡ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ವನಜಾಳ ಹತ್ತಿರ ಹೋಗಿ ಕೂರು. ಅಷ್ಟು ದಿನ ನೋಡಿಕೊಂಡವಳಿಗೆ ಒಮ್ಮೆಲೇ ಕೈ ಖಾಲಿಯಾಗುತ್ತದೆ. ಹೊರಡುವಾಗ ಧಾರಾಳವಾಗಿ ಬತ್ತೀನಿ ಅನ್ನು. ಅಂದ ಮೇಲೆ ಹೋಗು.

ಕೆಂಚಕ್ಕ ನಿನಗೆ ಎಲ್ಲವನ್ನೂ ಹೇಳಿಲ್ಲ. ಅಥವಾ ನೀನು ಹೆದರುತ್ತೀ ಅಂತ ಮುಚ್ಚಿಟ್ಟಳೇನೋ. ಆ ಮಧ್ಯಾಹ್ನ ನಾನು ಎದ್ದು ಸೀರೆ ಕೊಡವಿಕೊಂಡು ಹೊಸ್ತಿಲ ತನಕ ಬಂದೆ. ತಿರುಗಿ ನೋಡಲಿಲ್ಲ. ಕಿವಿಯನ್ನು ಏನು ಮಾಡಲಿ? ಹಿಂದಿನಿಂದ ಅವಳ ಧ್ವನಿ ಕೇಳಿಸಿತು, ಗಟ್ಟಿಯಾಗಿ, ಕಾಯಿಲೆಗೆ ಮುಂಚಿನ ಧ್ವನಿ. "ನೀನು ಬಾಯಿ ಬುಡದಿದ್ರೆ ಬ್ಯಾಡ ಬುಡವ್ವ. ಇನ್ಮ್ಯಾಲೆ ನಾನೇ ಬತ್ತೀನಿ."

ಇದನ್ನು ನಿನಗೆ ಹೇಳದೆ ಇರಬಹುದಿತ್ತು. ಆದರೆ ಇನ್ನೊಂದು ವಿಷಯವನ್ನೂ ಮುಚ್ಚಿಡುವಂತಿಲ್ಲ. ಹೊಸ ಸ್ಕ್ಯಾನ್ ಬಂದಿದೆ. ಎದೆಗೂ ಇಳಿದಿದೆ. ಡಾಕ್ಟರು ತಮ್ಮನನ್ನು ಬೇರೆ ಕೋಣೆಗೆ ಕರೆದು ಮಾತಾಡಿದರು. ಅವನು ಹೊರಗೆ ಬಂದು, "ಮನೆಗೆ ಹೋಗೋಣ ನಡಿ ಅಕ್ಕ" ಅಂದ. ನಾನು ಅವನ ಬೆನ್ನು ತಟ್ಟಿದೆ. ಆ ಮಾತಿನ ಅರ್ಥ ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ಹೋದ ಮಂಗಳವಾರ ಮಧ್ಯಾಹ್ನ ನೋವು ಜೋರಾಗಿತ್ತು. ಮಾತ್ರೆಯ ಹೊತ್ತು ಇನ್ನೂ ಆಗಿರಲಿಲ್ಲ. ತಮ್ಮನ ಹೆಂಡತಿ ಊಟ ತಂದವಳು ಬಾಗಿಲಲ್ಲೇ ನಿಂತು, ಇದೇನಿದು ಕೋಣೆಯಲ್ಲಿ ಕುರಿ ವಾಸನೆ ಅಂದಳು. ಆಪರೇಷನ್ ಆದ ಮೇಲೆ ನನಗೆ ವಾಸನೆ ತಿಳಿಯುವುದಿಲ್ಲ. ಆದರೆ ಯಾರೋ ಹಣೆಯಿಂದ ಹಿಂದಕ್ಕೆ ತಲೆ ಸವರುತ್ತಿದ್ದರು. ಒರಟು ಅಂಗೈ. ಊಟ ಆರಿ ಹೋಗುವ ತನಕ ನಿದ್ದೆ ಮಾಡಿದೆನಂತೆ.

ಭಯ ಹೋಯಿತು ಪುಷ್ಪಾ. ಇಷ್ಟು ವರ್ಷ ಬೇರೆಯವರ ಬಾಗಿಲಿಗೆ ನಾನು ಹೋದೆ.

ನೀನು ಬಾ. ಖಂಡಿತ ಬಾ, ಜಗಳ ಮುಖ ನೋಡಿಯೇ ಆಡು. ನನ್ನ ಡ್ರೆಸಿಂಗ್ ಇಲ್ಲಿ ಯಾರಿಗೂ ಸರಿಯಾಗಿ ಬರುವುದಿಲ್ಲ. ಆದರೆ ಬುಧವಾರ ಬಾ. ಮಂಗಳವಾರ ಬೇಡ, ಅವತ್ತು ನನ್ನನ್ನು ನೋಡಲು ಬರುವವರಿದ್ದಾರೆ.

ವಿಮಲ